ಅಂಗಳ ದಾಟಿದ ಕಾಸ್ಮಾಸ್

ಮಳೆ ಹಿಂದೆ ಸರಿದು ಉತ್ತರ ಕನ್ನಡದ ಹಳಿಯಾಳ, ಮುಂಡಗೋಡದ ಗದ್ದೆಗಳಲ್ಲಿ ಭತ್ತ ತೆನೆ ಹಾಯುವ ಹೊತ್ತಿಗೆ ಆ ಕಡೆಯ ರಸ್ತೆಯಂಚುಗಳು ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಸೊಂಟದೆತ್ತರದ ತೆಳ್ಳನೆಯ ಗಿಡ, ಚೆಂಡುಹೂವಿನದನ್ನು ನೆನಪಿಸುವ ಸೀಳುಸೀಳು ಎಲೆ, ಉದ್ದ ತೊಟ್ಟಿನ ತುದಿಯಲ್ಲಿ ಎಂಟು ದಳದ ಹೂ. ಗಟಾರದ ಏರಿಯಲ್ಲಿ, ಸೇತುವೆ ಪಕ್ಕದ ಮಣ್ಣುಗುಡ್ಡೆಯ ಮೇಲೆ, ಬಸ್ ತಂಗುದಾಣದ ಹಿಂದೆ, ಬೇಲಿಯಿಲ್ಲದ ಖಾಲಿ ಸೈಟಿನಲ್ಲಿ, ಎಲ್ಲೆಂದರಲ್ಲಿ. ದಾಂಡೇಲಿಯ ಸಫಾರಿಗೆ, ಜೋಯಿಡಾದ ಗಣೇಶಗುಡಿಗೆ ಹೊರಟ ಕಾರುಗಳು ಅಲ್ಲಲ್ಲಿ ನಿಲ್ಲುತ್ತವೆ. ಹೂವಿನ ನಡುವೆ ನಿಂತವರ ಫೋಟೊ ಸಂಜೆಯೊಳಗೆ ‘ಮಲೆನಾಡಿನ ಕಾಡುಹೂ’ ಎಂಬ ಒಕ್ಕಣೆ ಹೊತ್ತು ಹತ್ತಾರು ಮೊಬೈಲು ಸೇರಿರುತ್ತದೆ.

ಹೂ ಚೆಂದವೇ, ಒಕ್ಕಣೆ ಮಾತ್ರ ತಪ್ಪು. ಈ ಗಿಡದ ತವರು ಮೆಕ್ಸಿಕೋ ಮತ್ತು ಅದರ ಕೆಳಗಿನ ಮಧ್ಯ ಅಮೆರಿಕ. ಹೆಸರು ಕಾಸ್ಮಾಸ್ ಸಲ್ಫ್ಯೂರಿಯಸ್. ಸೇವಂತಿ, ಸೂರ್ಯಕಾಂತಿ, ಚೆಂಡುಹೂ, ಡೇಸಿಗಳೆಲ್ಲ ಸೇರಿದ ಆಸ್ಟರೇಸಿ ಮನೆತನದ್ದು. ನಮ್ಮಲ್ಲಿಗೆ ಬಂದದ್ದು ಕೈತೋಟದ ಅಂದಕ್ಕೆ. ಬೀಜದಂಗಡಿಯ ಪೊಟ್ಟಣದಲ್ಲಿ, ನರ್ಸರಿಯ ಟ್ರೇಯಲ್ಲಿ, ಶಾಲೆಯ ಕೈತೋಟದಿಂದ ಮನೆಗೆ ತಂದ ಮುಷ್ಟಿ ಬೀಜದಲ್ಲಿ. ಯಾರೂ ಇದನ್ನು ಕಾಡಿಗೆ ಬಿಡಬೇಕೆಂದು ಬಿತ್ತಿದವರಲ್ಲ. ಬೇಲಿಯ ಆಚೆ ಒಂದೆರಡು ಗಿಡ ಎದ್ದಾಗ ‘ಇರಲಿ, ಹೂವಿನ ಗಿಡ’ ಎಂದು ಬಿಟ್ಟವರೇ ಎಲ್ಲರೂ. ಕಾಂಗ್ರೆಸ್ ಹುಲ್ಲು ಎದ್ದಿದ್ದರೆ ಯಾರಾದರೂ ಕಿತ್ತೆಸೆಯುತ್ತಿದ್ದರೋ ಏನೋ. ಈ ಗಿಡಕ್ಕೆ ರೂಪವೇ ರಕ್ಷೆ.

ಮೆಕ್ಸಿಕೋದಿಂದ ಬಂದ ಬೀಜಗಳು ಮ್ಯಾಡ್ರಿಡ್‌ನ ರಾಜೋದ್ಯಾನದಲ್ಲಿ ಮೊಳೆತು ಹೂಬಿಟ್ಟಿದ್ದವು. ಅವನ್ನು ನೋಡಿ ಸ್ಪೇನಿನ ಪಾದ್ರಿ, ಸಸ್ಯಶಾಸ್ತ್ರಜ್ಞ ಆಂಟೋನಿಯೋ ಹೋಸೆ ಕವಾನಿಯೆಸ್ 1791ರಲ್ಲಿ ಕಾಸ್ಮಾಸ್ ಕುಲವನ್ನೂ ಈ ಜಾತಿಯನ್ನೂ ವಿವರಿಸಿದ. ಅಂದರೆ ವಿಜ್ಞಾನಕ್ಕೆ ಈ ಗಿಡದ ಪರಿಚಯವಾದದ್ದೇ ಉದ್ಯಾನದ ಪಾತಿಯಲ್ಲಿ. ಅದರ ಅಕ್ಕತಂಗಿಯರೂ ಜಗತ್ತು ಸುತ್ತಿದ್ದಾರೆ. ಗುಲಾಬಿ, ಬಿಳಿ ಬಣ್ಣದ ಕಾಸ್ಮಾಸ್ ಬೈಪಿನ್ನೇಟಸ್ ದಕ್ಷಿಣ ಆಫ್ರಿಕಾದ ಹೆದ್ದಾರಿಗಳ ಬದಿಯಲ್ಲಿ ಮೈಲಿಗಟ್ಟಲೆ ಹಬ್ಬಿದೆ. 1899ರಿಂದ 1902ರವರೆಗೆ ನಡೆದ ಬೋವರ್ ಯುದ್ಧದಲ್ಲಿ ಬ್ರಿಟಿಷ್ ಸೇನೆಯ ಕುದುರೆಗಳಿಗೆಂದು ಅರ್ಜೆಂಟೀನಾದಿಂದ ತರಿಸಿದ ಮೇವಿನ ಜತೆ ಅದು ಬಂತೆಂದು ಅಲ್ಲಿಯವರು ಹೇಳುತ್ತಾರೆ. ಮತ್ತೊಂದು ಜಾತಿ ಕಾಸ್ಮಾಸ್ ಕಾಡೇಟಸ್. ಮಲೇಷ್ಯಾ, ಇಂಡೊನೇಷ್ಯಾಗಳಲ್ಲಿ ಅದರ ಎಳೆ ಎಲೆಯನ್ನು ಅನ್ನದ ಜತೆ ಹಸಿಯಾಗಿಯೇ ತಿನ್ನುತ್ತಾರೆ. ನಮ್ಮ ಕಿತ್ತಳೆ ಕಾಸ್ಮಾಸಿಗೆ ಅಂಥ ಅಡುಗೆಮನೆಯ ಗತಿಯೂ ಕೂಡಿಬರಲಿಲ್ಲ.

ಒಂದು ಗಿಡ ಕಳೆಯಾಗುವುದು ಹೇಗೆ ಎಂದು ತಿಳಿಯಲು ಕಾಸ್ಮಾಸಿನ ಹೂವನ್ನೇ ಬಿಡಿಸಿ ನೋಡಬಹುದು. ನಾವು ಒಂದು ಹೂ ಎನ್ನುವುದು ನಿಜಕ್ಕೂ ಒಂದು ಗೊಂಚಲು. ಸುತ್ತ ಕಾಣುವ ಪ್ರತಿ ದಳವೂ ಒಂದೊಂದು ಹೂ, ನಡುವಿನ ಹಳದಿ ಬೊಟ್ಟಿನೊಳಗೆ ಹತ್ತಾರು ಪುಟಾಣಿ ಹೂಗಳು. ನಡುವಿನ ಆ ಪುಟಾಣಿಗಳಲ್ಲಿ ಒಂದೊಂದಕ್ಕೂ ಒಂದೊಂದು ಬೀಜ. ಹೀಗಾಗಿ ಜೇನೊಂದು ಒಮ್ಮೆ ಬಂದು ಕೂತು ನಡೆದಾಡಿ ಹೋದರೆ ಹಲವು ಬೀಜಗಳ ಕೆಲಸ ಆಗಿಹೋಗುತ್ತದೆ. ಆಸ್ಟರೇಸಿ ಮನೆತನ ಭೂಮಿಯ ಮೇಲಿನ ಅತಿ ದೊಡ್ಡ ಸಸ್ಯಕುಟುಂಬಗಳಲ್ಲಿ ಒಂದಾಗಿರುವುದಕ್ಕೆ ಈ ಮಿತವ್ಯಯವೂ ಕಾರಣ.

ಹೂ ಬಾಡಿದ ಮೇಲೆ ಉಳಿಯುವುದು ಕಪ್ಪುಕಂದು ಸೂಜಿಗಳ ಗೊಂಚಲು. ಒಂದೊಂದು ಬೀಜಕ್ಕೂ ಉದ್ದ ಕೊಕ್ಕು, ಕೊಕ್ಕಿನ ತುದಿಯಲ್ಲಿ ಎರಡೋ ಮೂರೋ ಮುಳ್ಳು, ಮುಳ್ಳಿನ ಮೈಮೇಲೆ ಹಿಮ್ಮುಖದ ಗರಗಸ. ಪ್ಯಾಂಟಿಗೆ, ಕಾಲುಚೀಲಕ್ಕೆ, ಎಮ್ಮೆಯ ಬಾಲದ ಕೂದಲಿಗೆ, ನಾಯಿಯ ಮೈಗೆ ಸಿಕ್ಕಿಕೊಂಡರೆ ಬಿಡಿಸುವವರೆಗೆ ಬಿಡದು. ಬಿಡಿಸಿದ್ದು ಎಲ್ಲಿ ಬಿತ್ತೋ ಅಲ್ಲೇ ಬಿತ್ತನೆ. ಉಳಿದ ಬೀಜಗಳು ತಾಯಿಗಿಡದ ಬುಡದಲ್ಲೇ ಉದುರಿ ಮುಂದಿನ ಜೂನ್ ಮಳೆಗೆ ಕಾಯುತ್ತವೆ. ಗಿಡ ಒಂದೇ ವರ್ಷದ್ದು. ಮುಂಗಾರಿಗೆ ಮೊಳೆತು, ಹಬ್ಬಗಳ ಕಾಲಕ್ಕೆ ಹೂತು, ಚಳಿಗೆ ಒಣಗಿ ಸಾಯುತ್ತದೆ. ಸಾಯುವ ಮುಂಚೆ ಬೀಜದ ಲೆಕ್ಕ ಮುಗಿಸಿರುತ್ತದೆ, ಅಷ್ಟೆ.

ಇಷ್ಟಕ್ಕೂ ಹಾನಿ ಏನು? ಹೂ ನೋಡಿ ಖುಷಿಪಟ್ಟವರು ಈ ಪ್ರಶ್ನೆಯನ್ನು ತುಸು ಸಿಟ್ಟಿನಿಂದಲೇ ಕೇಳುತ್ತಾರೆ, ಕೇಳಬೇಕಾದದ್ದೇ. ಜೇನುಗಳು ಬರುತ್ತವೆ, ಚಿಟ್ಟೆಗಳು ಮುತ್ತುತ್ತವೆ, ಏರಿಯ ಮಣ್ಣು ಜಾರದಂತೆ ಒಂದಿಷ್ಟು ಹಿಡಿಯುತ್ತದೆ. ಇವೆಲ್ಲ ನಿಜ. ಆದರೆ ಗಟಾರದ ಏರಿ ಬೋಳಾಗಿ ಇರುತ್ತಿರಲಿಲ್ಲ. ಕರಡದ ಹುಲ್ಲು, ಗರಿಕೆ, ಸಹದೇವಿ, ತಗ್ಗಿನ ತೇವದಲ್ಲಿ ಗರಗದ ಸೊಪ್ಪು, ಮಳೆಗಾಲದ ಕೊನೆಗೆ ಕಲ್ಲುಸಂದಿಯ ಕರ್ಣಕುಂಡಲ, ಇಂಥ ಹತ್ತಾರು ಸಣ್ಣಪುಟ್ಟವು ಅಲ್ಲಿದ್ದವು. ಸಹದೇವಿ, ಗರಗಗಳೂ ಆಸ್ಟರೇಸಿಯವೇ. ಮೊಣಕಾಲೆತ್ತರವೂ ಏರದ, ಯಾರೂ ಫೋಟೊ ತೆಗೆಯದ ಸಾದಾ ಗಿಡಗಳು. ಮಳೆಗಾಲದಲ್ಲೇ ಸೊಂಟಮಟ್ಟ ಎದ್ದು ಒತ್ತೊತ್ತಾಗಿ ನಿಲ್ಲುವ ಕಾಸ್ಮಾಸಿನ ನೆರಳಿನಡಿ ಇವಕ್ಕೆ ಬಿಸಿಲಿಲ್ಲ. ಕಾಸ್ಮಾಸ್ ಒಣಗಿದ ಮೇಲೆ ಅಲ್ಲಿ ಹಸಿರು ಹುಲ್ಲೂ ಉಳಿದಿರುವುದಿಲ್ಲ, ಉಳಿಯುವುದು ಬೆಂಕಿಗೆ ಸಲೀಸಾದ ಕಡ್ಡಿಗಳ ಮೆದೆ. ಹುಲ್ಲು ಬೇಕಾದವರು ಹಳಿಯಾಳ, ಮುಂಡಗೋಡ, ದಾಂಡೇಲಿ, ಜೋಯಿಡಾ ಈ ನಾಲ್ಕು ತಾಲ್ಲೂಕುಗಳಲ್ಲಿ ಕಡಿಮೆಯಿಲ್ಲ. ಎಮ್ಮೆ ಸಾಕಿಯೇ ಬದುಕುವ ಗೌಳಿಗರಿಂದ ಹಿಡಿದು ಕಾಳಿ ಹುಲಿ ಮೀಸಲಿನ ಕಾಟಿ, ಜಿಂಕೆ, ಕಡವೆಗಳವರೆಗೆ ಎಲ್ಲರ ಊಟ ಅದು.

ಕಾಸ್ಮಾಸ್ ಇಂದೇ ಕಾಡನ್ನು ನುಂಗಿಬಿಟ್ಟಿದೆ ಎಂದು ಹೆದರಿಸುವ ಇರಾದೆ ನನಗಿಲ್ಲ. ನುಂಗಿಲ್ಲ. ಸದ್ಯ ಅದು ಹೆಚ್ಚಾಗಿ ರಸ್ತೆಯ ಎರಡೂ ಬದಿಯ ಪಟ್ಟಿಯಲ್ಲಿದೆ. ಅದರ ಬಗ್ಗೆ ಈಗಲೇ ಮಾತಾಡಬೇಕಾದದ್ದೂ ಅದಕ್ಕೇ. ಪಟ್ಟಿಯಲ್ಲಿರುವ ಗಿಡವನ್ನು ಕೈಯಿಂದ ಕೀಳಬಹುದು, ಕಾಡಿನೊಳಗೆ ಹಬ್ಬಿದ್ದನ್ನು ಯಾವ ಸರ್ಕಾರವೂ ಈವರೆಗೆ ಪೂರ್ತಿ ಕಿತ್ತ ಉದಾಹರಣೆ ನಮ್ಮ ಕಣ್ಣೆದುರಿಗಿಲ್ಲ. ಅದಕ್ಕೆ ಸಾಕ್ಷಿ ಬೇಕಾದರೆ ಇದೇ ನಾಲ್ಕು ತಾಲ್ಲೂಕುಗಳ ಕಾಡಿನೊಳಗೆ ಹೆಜ್ಜೆ ಇಟ್ಟರಾಯಿತು. ಮೊದಲು ಎದುರಾಗುವುದು ಯುಪಟೋರಿಯಂ.

ಯುಪಟೋರಿಯಂ ಎಂದರೆ ಅಡಿಕೆ ತೋಟದವರಿಗೆ, ಸೊಪ್ಪಿನ ಬೆಟ್ಟದವರಿಗೆ ವಿವರಿಸಬೇಕಿಲ್ಲ. ಕರಾವಳಿಯಲ್ಲಿ, ಕೊಡಗಿನಲ್ಲಿ ಕಮ್ಯುನಿಸ್ಟ್ ಗಿಡ ಎನ್ನುವುದೂ ಇದನ್ನೇ. ವಿಜ್ಞಾನಿಗಳು ಈಗ ಕ್ರೋಮೊಲೀನಾ ಒಡೊರೇಟಾ ಎಂದು ಕರೆಯುತ್ತಾರೆ. ಕತ್ತಿ ತಾಗಿ ರಕ್ತ ಬಂದರೆ ಇದರ ಎಲೆ ಹಿಸುಕಿ ಹಚ್ಚುವ ರೂಢಿ ಮಲೆನಾಡಿನ ಮನೆಮನೆಗೂ ಬಂದಿದೆ. ಅಷ್ಟರಮಟ್ಟಿಗೆ ಅದು ಊರಿನದೇ ಆಗಿದೆ. ಈ ಗಿಡವೂ ಆಸ್ಟರೇಸಿ ಎಂಬ ಅದೇ ಡೇಸಿ ಮನೆತನದ್ದು, ಇದರ ತವರೂ ಉಷ್ಣವಲಯದ ಅಮೆರಿಕವೇ. ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿಯೆಂದರೆ ಅದೂ ಒಂದು ಕಾಲಕ್ಕೆ ಅಂದದ ಗಿಡವೇ ಆಗಿತ್ತು. 1840ರ ದಶಕದಲ್ಲಿ ಕಲ್ಕತ್ತಾದ ಸಸ್ಯೋದ್ಯಾನದಲ್ಲಿ ಅದನ್ನು ಬೆಳೆಸಿದ್ದರು. ತಿಳಿನೇರಳೆ-ಬಿಳಿಯ ಹತ್ತಿಯಂಥ ಹೂಗೊಂಚಲು ನೋಡಿದ ಯಾವ ತೋಟಗಾರನೂ ಬೇಡ ಎನ್ನುವಂತಿರಲಿಲ್ಲ. ಕಲ್ಕತ್ತಾದ ಬೇಲಿ ದಾಟಿ ಬಂಗಾಳ, ಅಸ್ಸಾಂ, ಬರ್ಮಾದತ್ತ ಹೋಯಿತು. ಸುಮಾರು ನೂರು ವರ್ಷದ ನಂತರ, ಕಳೆದ ಶತಮಾನದ ನಡುಭಾಗದಲ್ಲಿ, ಪಶ್ಚಿಮಘಟ್ಟಕ್ಕೆ ಕಾಲಿಟ್ಟಿತು. ಆಮೇಲೆ ನಿಂತದ್ದೇ ಇಲ್ಲ.

ಅಂದಕ್ಕೆಂದು ತಂದ ಲಂಟಾನಾದ ಕಥೆಯೂ ಹೀಗೆಯೇ, ಕೆರೆಗಳ ಮೇಲಿನ ಅಂತರಗಂಗೆಯದೂ ಹೀಗೆಯೇ. ಅವು ಬೇರೆ ಮನೆತನದವು, ಅವುಗಳ ವಿಚಾರ ಇಲ್ಲಿ ಬೇಡ.

ಯುಪಟೋರಿಯಂ ಬೀಜಕ್ಕೆ ರೇಷ್ಮೆಯ ಕುಚ್ಚು. ಫೆಬ್ರುವರಿ, ಮಾರ್ಚಿನ ಒಣಗಾಳಿಗೆ ಅದು ಗುಡ್ಡ ದಾಟುತ್ತದೆ. ಕಡಿದರೆ ಬುಡದಿಂದ ಹಲವು ಕವಲಾಗಿ ಏಳುತ್ತದೆ, ಸುಟ್ಟರೂ ಏಳುತ್ತದೆ. ಬೇಸಿಗೆಯಲ್ಲಿ ಒಣಗಿ ಕಾಡ್ಗಿಚ್ಚಿಗೆ ಉರುವಲಾಗುತ್ತದೆ, ಬೆಂಕಿ ತೆರವು ಮಾಡಿದ ಜಾಗಕ್ಕೆ ಮೊದಲು ಮರಳುವುದೂ ಅದೇ. ಇಂಥ ಗಿಡದ ಜತೆ ಹೋಲಿಸಿದರೆ ಕಾಸ್ಮಾಸ್ ಇನ್ನೂ ಮಗು. ಅದರ ಬೀಜ ಹಾರುವುದಿಲ್ಲ, ಬೇರು ಆಳಕ್ಕೆ ಹೋಗುವುದಿಲ್ಲ, ಕಿತ್ತರೆ ಮತ್ತೆ ಚಿಗುರುವುದಿಲ್ಲ. ಆದರೆ ಯುಪಟೋರಿಯಮ್ಮಿಗೆ ಇಲ್ಲದ ಒಂದು ಅನುಕೂಲ ಕಾಸ್ಮಾಸಿಗಿದೆ. ಅದನ್ನು ಈಗಲೂ ಜನ ದುಡ್ಡು ಕೊಟ್ಟು ಕೊಂಡು ಬಿತ್ತುತ್ತಾರೆ.

ನಾಲ್ಕು ತಾಲ್ಲೂಕುಗಳನ್ನು ಒಂದೇ ಉಸಿರಿನಲ್ಲಿ ಹೇಳಿದರೂ ನೆಲ ಒಂದೇ ಬಗೆಯದಲ್ಲ. ಜೋಯಿಡಾದ ಪಶ್ಚಿಮದಂಚು, ಕ್ಯಾಸಲ್‌ರಾಕ್, ಅಣಶಿಯ ಕಡೆ, ಘಟ್ಟದ ನೆತ್ತಿ. ಮಳೆ ಧೋ ಎಂದು ಸುರಿಯುತ್ತದೆ, ಕಾಡು ನಿತ್ಯಹಸಿರು, ನೆಲಕ್ಕೆ ಬಿಸಿಲು ಬೀಳುವುದೇ ಅಪರೂಪ. ಅಲ್ಲಿಂದ ಮೂಡಣಕ್ಕೆ ಸರಿಯುತ್ತ ದಾಂಡೇಲಿ, ಕುಳಗಿಯ ಬಿದಿರು, ಮತ್ತಿ, ಹೊನ್ನೆ, ಸಾಗುವಾನಿಯ ಎಲೆಯುದುರುವ ಕಾಡು. ಇನ್ನೂ ಮೂಡಣಕ್ಕೆ ಹಳಿಯಾಳ, ಮುಂಡಗೋಡಗಳು ಬಯಲುಸೀಮೆಗೆ ಕೈಚಾಚಿದ ಅರೆಮಲೆನಾಡು. ಭತ್ತ, ಗೋವಿನಜೋಳ, ಹತ್ತಿ, ಕಬ್ಬು. ಕೆರೆಗಳು, ಮಾಳಗಳು, ಊರ ಬದಿಯ ಹಕ್ಕಲು. ಕಾಸ್ಮಾಸಿಗೆ ಬೇಕಾದದ್ದು ಮಳೆಗಾಲದಲ್ಲೂ ನೆಲಕ್ಕೆ ಬೀಳುವ ಬಿಸಿಲು. ಅಣಶಿಯ ದಟ್ಟ ಕಾಡಿನೊಳಗೆ ಅದು ಮೊಳೆತರೂ ಬದುಕದು. ಎಲೆ ತುಂಬಿ ನಿಂತ ಸಾಗುವಾನಿ ತೋಪಿನ ನಡುವೆಯೂ ಮಳೆಗಾಲದ ನೆರಳು ಅದಕ್ಕೆ ಒಗ್ಗದು. ವರ್ಷವಿಡೀ ಬದುಕಿರುವ ಯುಪಟೋರಿಯಂ ಎಲೆ ಉದುರುವ ತನಕ ಕಾದೀತು, ಒಂದೇ ಮಳೆಗಾಲದ ಆಯುಸ್ಸಿನ ಕಾಸ್ಮಾಸಿಗೆ ಕಾಯುವ ಪುರುಸೊತ್ತಿಲ್ಲ.

ಹಾಗಾದರೆ ನಿಶ್ಚಿಂತೆಯಿಂದ ಇರಬಹುದೇ? ಕಾಡು ಮುಚ್ಚಿಕೊಂಡಿದ್ದರೆ ಇರಬಹುದಿತ್ತು. ಈ ಸೀಮೆಯ ಕಾಡನ್ನು ನಾವು ಎಷ್ಟು ಕಡೆ ಸೀಳಿದ್ದೇವೆ ಎಂಬುದನ್ನು ನಕಾಶೆ ಹಿಡಿದು ನೋಡಬೇಕು. ಕಾಳಿ ನದಿಗೆ ಸೂಪಾ ಅಣೆಕಟ್ಟು, ಕೆಳಗೆ ನಾಗಝರಿಯ ವಿದ್ಯುದಾಗಾರ, ಇನ್ನೂ ಕೆಳಗೆ ಕೊಡಸಳ್ಳಿ, ಕದ್ರಾ, ಕೈಗಾ. ಅಲ್ಲಿಂದ ಹೊರಟ ವಿದ್ಯುತ್ ಮಾರ್ಗಗಳು ಕಾಡಿನ ನೆತ್ತಿಯನ್ನು ಬೈತಲೆ ತೆಗೆದಂತೆ ಸೀಳಿ ಸಾಗುತ್ತವೆ. ತಂತಿಯ ಕೆಳಗೆ ಮರ ಬೆಳೆಯಗೊಡುವುದಿಲ್ಲ, ಹೀಗಾಗಿ ಅಲ್ಲಿ ಸದಾ ಬಿಸಿಲು. ರಸ್ತೆ ಅಗಲ ಮಾಡಿದಲ್ಲಿ ಹೊಸ ಏರಿ, ಹೊಸ ಮಣ್ಣು. ರೆಸಾರ್ಟಿಗೆ ಹೋಗುವ ಕಚ್ಚಾ ದಾರಿ, ಮೊಬೈಲ್ ಗೋಪುರಕ್ಕೆ ಹೋಗುವ ಕಚ್ಚಾ ದಾರಿ, ಜಲ್ಲಿ ಕ್ವಾರಿಯ ಸುತ್ತಲಿನ ಬಯಲು. ರಸ್ತೆಬದಿಯ ಕಾಸ್ಮಾಸಿಗೆ ಇವೆಲ್ಲ ಒಳಕ್ಕೆ ಕರೆದೊಯ್ಯುವ ಓಣಿಗಳು. ದನ ತರುತ್ತದೆ, ಜೆಸಿಬಿಯ ಚಕ್ರಕ್ಕೆ ಮೆತ್ತಿದ ಕೆಸರು ತರುತ್ತದೆ, ಒಂದು ಊರಿನ ಏರಿಯಿಂದ ಅಗೆದು ಇನ್ನೊಂದು ಊರಿನ ಏರಿಗೆ ಸುರಿದ ಮಣ್ಣು ಎಲ್ಲಕ್ಕಿಂತ ಹೆಚ್ಚು ತರುತ್ತದೆ.

ಬಿದಿರಿನ ಮಾತು ಇಲ್ಲಿ ಬಿಡಲಾಗದು. ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ 1950ರ ದಶಕದಲ್ಲಿ ಬಂದದ್ದೇ ಸುತ್ತಲಿನ ಬಿದಿರನ್ನು ನಂಬಿ. 1970ರ ದಶಕದಲ್ಲಿ ಮಾಧವ ಗಾಡ್ಗೀಳ್ ಮತ್ತವರ ಸಂಗಡಿಗರು ಉತ್ತರ ಕನ್ನಡದ ಬಿದಿರು ಏಕೆ ಬತ್ತುತ್ತಿದೆ ಎಂದು ಅಧ್ಯಯನ ಮಾಡಿದರು. ಬಿದಿರುಮೆಳೆಯ ಬುಡದಲ್ಲಿ ಹೆಣೆದುಕೊಂಡ ಮುಳ್ಳುಗಳನ್ನು ‘ಸ್ವಚ್ಛ’ ಮಾಡಿದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆಂದು ಅರಣ್ಯ ಶಾಸ್ತ್ರ ನಂಬಿತ್ತು. ಹಳ್ಳಿಯವರು ಬೇರೆಯೇ ಹೇಳುತ್ತಿದ್ದರು. ಮುಳ್ಳು ತೆಗೆದರೆ ಎಳೆ ಕಳಲೆ ದನಕ್ಕೂ ಕಾಡುಪ್ರಾಣಿಗೂ ಸಿಕ್ಕು ಮೆಳೆಯೇ ಸೊರಗುತ್ತದೆ ಎಂದು. ಅಧ್ಯಯನ ಹಳ್ಳಿಯವರ ಮಾತನ್ನೇ ಎತ್ತಿಹಿಡಿಯಿತು. ನಮ್ಮ ವಿಷಯಕ್ಕೆ ಇದರ ಸಂಬಂಧ ಇಷ್ಟು: ಮೆಳೆ ಸತ್ತ ಕಡೆಯೆಲ್ಲ ಕಾಡಿನ ಚಾವಣಿಯಲ್ಲಿ ಕಿಂಡಿ ಬಿತ್ತು, ಕಿಂಡಿ ಬಿದ್ದ ಕಡೆ ಕಳೆಗೆ ಬಿಸಿಲು ಸಿಕ್ಕಿತು. ಬಿದಿರು ಹೂಬಿಟ್ಟು ಸಾಮೂಹಿಕವಾಗಿ ಸತ್ತಾಗಲೂ ಇದೇ ಆಗುತ್ತದೆ, ಆದರೆ ಅದು ಹಲವು ದಶಕಗಳಿಗೊಮ್ಮೆ, ಮತ್ತು ಆ ನೆಲದಲ್ಲಿ ಬಿದಿರಕ್ಕಿ ಬಿದ್ದಿರುತ್ತದೆ. ಮೊದಲು ಮೊಳೆಯುವುದು ಬಿದಿರೋ ಕಳೆಯೋ ಎಂಬುದು ಆ ಹೊತ್ತಿಗೆ ಅಂಚಿನಲ್ಲಿ ಯಾರ ಬೀಜ ಕಾದಿದೆ ಎಂಬುದರ ಮೇಲೆ ನಿಂತಿದೆ.

ವಿದೇಶಿ ಎಂಬ ಒಂದೇ ಕಾರಣಕ್ಕೆ ಗಿಡವನ್ನು ದೂರುವವರ ಸಾಲಿನಲ್ಲಿ ನಾನಿಲ್ಲ. ದೂರುವುದಾದರೆ ದಸರೆ, ದೀಪಾವಳಿಗೆ ಬಾಗಿಲಿಗೆ ಕಟ್ಟುವ ಚೆಂಡುಹೂವನ್ನೂ ದೂರಬೇಕಾದೀತು, ಅದೂ ಮೆಕ್ಸಿಕೋದ ಡೇಸಿಯೇ. ಹೊಲದ ಅಂಚಿನ ಸೂರ್ಯಕಾಂತಿ ಅಮೆರಿಕದ್ದು. ನಮ್ಮ ಗುರೆಳ್ಳು ಇಥಿಯೋಪಿಯಾದ್ದು, ಅದೂ ಹಳದಿ ಡೇಸಿ. ಹೂತ ಗುರೆಳ್ಳಿನ ಹೊಲ ದೂರದಿಂದ ಕಾಸ್ಮಾಸಿನ ಬಯಲಿಗಿಂತ ಚೆಂದ, ಮೇಲಾಗಿ ರೊಟ್ಟಿಯ ಜತೆ ಗುರೆಳ್ಳು ಚಟ್ನಿಪುಡಿ ಕೊಡುವ ಉಪಕಾರ ಕಾಸ್ಮಾಸಿನಿಂದಾಗದು. ಶತಮಾನಗಳಿಂದ ಇಲ್ಲಿದ್ದೂ ಈ ಗುರೆಳ್ಳು ಕಾಡಿಗೆ ನುಗ್ಗಲಿಲ್ಲ. ಬಿತ್ತಿದರೆ ಉಂಟು, ಬಿಟ್ಟರೆ ಇಲ್ಲ.

ಬಂದವರಲ್ಲಿ ಯಾರು ಊರವರಾಗುತ್ತಾರೆ, ಯಾರು ದಾಳಿಕೋರರಾಗುತ್ತಾರೆ ಎಂದು ಮೊದಲೇ ಹೇಳುವುದು ಕಷ್ಟ. ಬ್ರಿಟಿಷ್ ಪರಿಸರ ವಿಜ್ಞಾನಿ ಮಾರ್ಕ್ ವಿಲಿಯಮ್ಸನ್ 1990ರ ದಶಕದಲ್ಲಿ ಒಂದು ಸ್ಥೂಲ ಲೆಕ್ಕ ಕೊಟ್ಟಿದ್ದರು. ಹೊರಗಿನಿಂದ ತಂದ ಜಾತಿಗಳಲ್ಲಿ ಸುಮಾರು ಹತ್ತಕ್ಕೊಂದು ಬೇಲಿ ದಾಟುತ್ತದೆ, ದಾಟಿದವುಗಳಲ್ಲಿ ಹತ್ತಕ್ಕೊಂದು ಬೇರೂರುತ್ತದೆ, ಬೇರೂರಿದವುಗಳಲ್ಲಿ ಹತ್ತಕ್ಕೊಂದು ಪೀಡೆಯಾಗುತ್ತದೆ. ಸಾವಿರಕ್ಕೊಂದು ಎಂದರೆ ಸಣ್ಣದೆನಿಸುತ್ತದೆ, ನರ್ಸರಿಗಳು ತರಿಸುವ ಜಾತಿಗಳ ಸಂಖ್ಯೆ ನೆನೆದರೆ ಹಾಗೆನಿಸದು. ಜೈವಿಕ ವೈವಿಧ್ಯ ಕುರಿತ ಅಂತರ್‌ಸರ್ಕಾರಿ ವೇದಿಕೆ ಐಪಿಬಿಇಎಸ್ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಮನುಷ್ಯರ ಕೈಯಿಂದ ಹೊಸ ನೆಲ ಸೇರಿದ ಜಾತಿಗಳು 37,000ಕ್ಕೂ ಹೆಚ್ಚು, ಅವುಗಳಲ್ಲಿ ಹಾನಿಕಾರಕವೆಂದು ದಾಖಲಾದವು 3,500ಕ್ಕೂ ಹೆಚ್ಚು.

ಇನ್ನೊಂದು ತೊಡಕು ಕಾಲದ್ದು. ಜರ್ಮನಿಯ ಬ್ರಾಂಡೆನ್‌ಬರ್ಗ್ ಪ್ರದೇಶಕ್ಕೆ ಹೊರಗಿನಿಂದ ತಂದ ಮರ, ಪೊದೆಗಳ ಇತಿಹಾಸವನ್ನು ಇಂಗೊ ಕೊವಾರಿಕ್ ಎಂಬ ವಿಜ್ಞಾನಿ ಕೆದಕಿ ನೋಡಿದರು. ಮೊದಲು ನೆಟ್ಟ ದಿನದಿಂದ ತಾನಾಗಿ ಹಬ್ಬತೊಡಗುವವರೆಗೆ ಸರಾಸರಿ 147 ವರ್ಷ ಸಂದಿದ್ದವು ಎಂದು 1995ರಲ್ಲಿ ವರದಿ ಮಾಡಿದರು. ನೆಟ್ಟವನ ಮೊಮ್ಮಗನ ಕಾಲಕ್ಕೂ ಗಿಡ ಸಭ್ಯವಾಗಿಯೇ ಇರುತ್ತದೆ. ಮರಕ್ಕೆ ಶತಮಾನ ಬೇಕಾದರೆ ವರ್ಷಕ್ಕೊಂದು ಪೀಳಿಗೆ ಮುಗಿಸುವ ಕಾಸ್ಮಾಸಿನಂಥದ್ದಕ್ಕೆ ಅಷ್ಟು ಬೇಡ.

ಇದೇ ಬಗೆಯ ಹೂವಿನ ಮೇಲೆ ಕಾನೂನು ತಂದ ದೇಶವೂ ಇದೆ. ಕೋರಿಯಾಪ್ಸಿಸ್ ಲ್ಯಾನ್ಸಿಯೊಲೇಟಾ ಎಂಬ ಹಳದಿ ಡೇಸಿಯನ್ನು ಜಪಾನಿನವರು ಉತ್ತರ ಅಮೆರಿಕದಿಂದ ಅಂದಕ್ಕೆಂದು ತಂದರು. ಬರಡು ನೆಲದಲ್ಲೂ ಬೆಳೆಯುತ್ತದೆಂದು ಹೆದ್ದಾರಿಗಳ ಇಳಿಜಾರಿನಲ್ಲಿ, ನದಿದಂಡೆಯಲ್ಲಿ ಸರ್ಕಾರಿ ವೆಚ್ಚದಲ್ಲೇ ಬಿತ್ತಿದರು. ಅದು ನದಿಪಾತ್ರಗಳಿಗಿಳಿದು ಅಲ್ಲಿನ ಸ್ಥಳೀಯ ಗಿಡಗಳನ್ನು ಒತ್ತರಿಸತೊಡಗಿತು. 2006ರಲ್ಲಿ ಅದನ್ನು ಆಕ್ರಮಣಕಾರಿ ಜಾತಿಗಳ ಪಟ್ಟಿಗೆ ಸೇರಿಸಿದರು. ಈಗ ಅದನ್ನು ಬೆಳೆಸುವುದು, ಸಾಗಿಸುವುದು, ಮಾರುವುದು ಎಲ್ಲವೂ ದಂಡಾರ್ಹ ಅಪರಾಧ. ಪ್ರತಿ ವರ್ಷ ಹೂಬಿಡುವ ಕಾಲಕ್ಕೆ ಊರವರು, ಶಾಲಾಮಕ್ಕಳು ಸೇರಿ ಕೀಳುತ್ತಾರೆ. ಬಿತ್ತಿದ್ದೂ ಸರ್ಕಾರ, ನಿಷೇಧಿಸಿದ್ದೂ ಸರ್ಕಾರ. ನಡುವೆ ಕಳೆದದ್ದು ಹಲವು ದಶಕ.

ನಮ್ಮಲ್ಲಿ ಕಾನೂನಿನ ಬಾಗಿಲು ಈಚೆಗೆ ತೆರೆದಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯಲ್ಲಿ ‘ಆಕ್ರಮಣಕಾರಿ ಅನ್ಯ ಜಾತಿ’ಗೆ ವ್ಯಾಖ್ಯೆ ಬಂತು. ಅಂಥವುಗಳ ಆಮದು, ವ್ಯಾಪಾರ, ಹರಡುವಿಕೆಯನ್ನು ನಿಯಂತ್ರಿಸುವ, ಬೇಕಾದರೆ ನಿಷೇಧಿಸುವ ಅಧಿಕಾರವನ್ನು 62ಎ ಕಲಂ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಆದರೆ ಕಾನೂನು ದೆಹಲಿಯಿಂದ ಹಳಿಯಾಳದ ಬೀಜದಂಗಡಿಯವರೆಗೆ ನಡೆದು ಬರುವುದನ್ನು ಕಾಯುತ್ತ ಕೂರುವಷ್ಟು ಈ ಗಿಡ ನಿಧಾನಿಯಲ್ಲ. ಜೈವಿಕ ವೈವಿಧ್ಯ ಕಾಯ್ದೆ, 2002ರ ಪ್ರಕಾರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿವೆ, ಜನತಾ ಜೀವವೈವಿಧ್ಯ ದಾಖಲಾತಿ ಎಂಬ ಪುಸ್ತಕವಿದೆ. 1990ರ ದಶಕದಲ್ಲಿ ಬ್ರಿಟಿಷ್ ನೆರವಿನ ಪಶ್ಚಿಮಘಟ್ಟ ಅರಣ್ಯ ಯೋಜನೆಯ ಕಾಲದಲ್ಲಿ ಗ್ರಾಮ ಅರಣ್ಯ ಸಮಿತಿಗಳನ್ನು ಕಟ್ಟಿದ ಜಿಲ್ಲೆ ಇದು. ಊರಿನ ಔಷಧಿ ಗಿಡ, ಹಣ್ಣಿನ ಮರಗಳನ್ನು ಬರೆದಿಡುವ ಪುಸ್ತಕದಲ್ಲಿ ಹೊಸದಾಗಿ ಎದ್ದ ಕಳೆಗೂ ಒಂದು ಪುಟ ಬೇಕು. ಯಾವ ವರ್ಷ, ಯಾವ ತಿರುವಿನಲ್ಲಿ ಮೊದಲು ಕಂಡಿತು ಎಂದು ಬರೆದಿಟ್ಟರೆ ಹತ್ತು ವರ್ಷದ ನಂತರ ಅದಕ್ಕಿಂತ ಬೆಲೆಬಾಳುವ ದಾಖಲೆ ಸಿಗದು.

ಕಳೆಗೆ ಹುಳ ಬಿಡಬಹುದಲ್ಲ ಎನ್ನುವವರಿದ್ದಾರೆ. ಬಿಟ್ಟು ನೋಡಿದ್ದೇವೆ. ಕಾಂಗ್ರೆಸ್ ಹುಲ್ಲಿಗೆಂದು ಮೆಕ್ಸಿಕೋದ ಜೈಗೊಗ್ರಾಮಾ ಎಂಬ ಜೀರುಂಡೆಯನ್ನು 1983ರಲ್ಲಿ ಬೆಂಗಳೂರಿಗೆ ತಂದು, ಪರೀಕ್ಷಿಸಿ, ಮರುವರ್ಷ ಬಯಲಿಗೆ ಬಿಟ್ಟರು. ಹಲವೆಡೆ ಅದು ಒಳ್ಳೆಯ ಕೆಲಸ ಮಾಡಿತು. 1991ರಲ್ಲಿ ಸೂರ್ಯಕಾಂತಿ ಎಲೆಯ ಮೇಲೆ ಆ ಜೀರುಂಡೆ ಕಂಡು ಗದ್ದಲವೆದ್ದಿತು, ತನಿಖೆಗೆ ಸಮಿತಿ ನೇಮಿಸಬೇಕಾಯಿತು. ಯುಪಟೋರಿಯಮ್ಮಿಗೆ ಇಂಡೊನೇಷ್ಯಾದಿಂದ ತಂದ ಗಂಟುನೊಣವನ್ನು 2005ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟಿದ್ದಾರೆ. ಡೇಸಿ ಮನೆತನದ ಕಳೆಗೆ ಹುಳ ಹುಡುಕುವಾಗ ಅದರ ನೆಂಟರಾದ ಸೂರ್ಯಕಾಂತಿ, ಕುಸುಬಿ, ಗುರೆಳ್ಳು, ಸೇವಂತಿಗಳನ್ನು ಅದು ಮುಟ್ಟದೆಂದು ಖಾತ್ರಿಪಡಿಸಿಕೊಳ್ಳಬೇಕು. ಅದಕ್ಕೆ ವರ್ಷಗಳು ಹಿಡಿಯುತ್ತವೆ. ಹುಲಿ ಮೀಸಲಿನ ಬದಿಯಲ್ಲಿ, ಕಾಳಿಗೆ ಹರಿಯುವ ಹಳ್ಳಗಳ ದಂಡೆಯಲ್ಲಿ ಕಳೆನಾಶಕ ಸಿಂಪಡಿಸುವ ಮಾತಂತೂ ಎತ್ತಲೇಬಾರದು. ತಮಿಳುನಾಡಿನಲ್ಲಿ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಹಳದಿ ಹೂವಿನ ಅಲಂಕಾರಿಕ ಮರ ಕಾಡು ಹೊಕ್ಕಾಗ ಅದನ್ನು ಕಡಿದು ಕಾಗದ ಕಾರ್ಖಾನೆಗೆ ಕೊಡುವ ಉಪಾಯ ಮಾಡಿದರು. ಕಾಗದದ ಊರು ದಾಂಡೇಲಿಗೆ ಕೇಳಲು ಹಿತವಾದ ಕಥೆ, ಆದರೆ ಕಾಸ್ಮಾಸಿನ ಕಡ್ಡಿಯಿಂದ ಕಾಗದ ಹುಟ್ಟದು.

ಉಳಿದದ್ದು ಕೈ. ಹೊಲದಲ್ಲಿ ಕಸ ತೆಗೆಯುವವರಿಗೆ ಹೊಸದಾಗಿ ಕಲಿಸಬೇಕಾದದ್ದೇನಿಲ್ಲ, ಕಾಲವನ್ನಷ್ಟೇ ಸರಿಯಾಗಿ ಹಿಡಿಯಬೇಕು. ಆಗಸ್ಟಿನ ಹದವಾದ ನೆಲದಲ್ಲಿ ಗಿಡವನ್ನು ಬುಡ ಹಿಡಿದೆಳೆದರೆ ಬೇರುಸಹಿತ ಬರುತ್ತದೆ. ಹೂಬಿಟ್ಟ ಮೇಲೆ ಕೀಳುವುದಾದರೆ ಹೂತಲೆಗಳನ್ನು ಅಲ್ಲೇ ಬಿಸಾಡುವಂತಿಲ್ಲ, ಕಿತ್ತ ಮೇಲೂ ತಲೆಯೊಳಗಿನ ಬೀಜ ಬಲಿಯುತ್ತದೆ. ಗೋಣಿಯಲ್ಲಿ ತುಂಬಿ ಆಳದ ಗುಂಡಿಯಲ್ಲಿ ಮುಚ್ಚಬೇಕು. ಬರೀ ಸವರಿದರೆ ಪ್ರಯೋಜನವಿಲ್ಲ. ಕೈತೋಟದವರಿಗೆ ಗೊತ್ತು, ತಲೆ ಚಿವುಟಿದಷ್ಟೂ ಕಾಸ್ಮಾಸ್ ಹೆಚ್ಚು ಕವಲೊಡೆದು ಹೆಚ್ಚು ಹೂಬಿಡುತ್ತದೆ. ರಸ್ತೆಬದಿಯ ಪೊದೆ ಸವರುವ ಕೆಲಸ ಮಳೆ ನಿಂತ ಮೇಲೆ, ಬೀಜ ಬಲಿತ ಹೊತ್ತಿಗೆ ನಡೆದರೆ ಅದು ಸ್ವಚ್ಛತೆಯಲ್ಲ, ಕೂಲಿ ಕೊಟ್ಟು ಮಾಡಿಸಿದ ಬಿತ್ತನೆ. ಆ ಕೂಲಿಯನ್ನು ಚೌತಿಗೆ ಮುಂಚೆ ಬೇರುಸಹಿತ ಕೀಳಿಸಲು ಬಳಸುವುದು ಮೇಲು. ಬೀಜ ಮಣ್ಣಲ್ಲಿ ಉಳಿದಿರುವುದರಿಂದ ಒಂದೇ ವರ್ಷಕ್ಕೆ ಮುಗಿಯುವುದಿಲ್ಲ, ಬೆನ್ನುಬೆನ್ನಿಗೆ ಕೆಲವು ಮಳೆಗಾಲ ಅದೇ ತಿರುವಿಗೆ ಮರಳಬೇಕು. ಕಿತ್ತ ಜಾಗವನ್ನು ಬೋಳಾಗಿ ಬಿಟ್ಟರೆ ಕಾಂಗ್ರೆಸ್ ಹುಲ್ಲು ಬಂದು ಕೂರುತ್ತದೆ. ಊರ ಹುಲ್ಲಿನ ಬೀಜವನ್ನೋ ಬೇರುಗಡ್ಡೆಯನ್ನೋ ಆ ಕೂಡಲೇ ಹಾಕುವುದು ಒಳ್ಳೆಯದು.

ಇಷ್ಟು ಹೇಳಿ ಕಾಸ್ಮಾಸನ್ನೊಂದೇ ಕಟಕಟೆಗೆ ನಿಲ್ಲಿಸಿದರೆ ಅನ್ಯಾಯವಾದೀತು. ಅದರ ಹಿಂದೆ ಇನ್ನೊಬ್ಬಳು ನಿಂತಿದ್ದಾಳೆ. ಹೋಮ್‌ಸ್ಟೇಗಳ, ರೆಸಾರ್ಟುಗಳ ಅಂಗಳದಲ್ಲಿ, ಪಟ್ಟಣದ ರಸ್ತೆ ವಿಭಜಕಗಳಲ್ಲಿ ನೆಲಕ್ಕೆ ಹಾಸಿದಂತೆ ಬೆಳೆಸುವ, ಹೊಳೆಯುವ ಹಸಿರೆಲೆ, ಪುಟ್ಟ ಹಳದಿ ಹೂವಿನ ವೆಡೀಲಿಯಾ. ಅದೂ ಡೇಸಿ, ಅದೂ ಅಮೆರಿಕದ್ದು. ನೀರು ಹಾಕದಿದ್ದರೂ ಹಬ್ಬುತ್ತದೆ, ಕತ್ತರಿಸಿ ಎಸೆದ ಒಂದು ಗೆಣ್ಣು ಸಾಕು ಬೇರಿಳಿಸಲು. ತೋಟಗಾರರ ಪಾಲಿಗೆ ಇದೇ ಅದರ ಗುಣ, ಕಾಡಿನ ಪಾಲಿಗೆ ಇದೇ ಅದರ ದೋಷ. ಪ್ರಪಂಚದ ನೂರು ಅತಿ ಕೆಟ್ಟ ಆಕ್ರಮಣಕಾರಿ ಜಾತಿಗಳೆಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಐಯುಸಿಎನ್ 2000ದಲ್ಲಿ ಮಾಡಿದ ಪಟ್ಟಿಯಲ್ಲಿ ಯುಪಟೋರಿಯಂ, ಲಂಟಾನಾಗಳ ಜತೆ ವೆಡೀಲಿಯಾದ ಹೆಸರೂ ಇದೆ. ಅದಕ್ಕೆ ನಮ್ಮ ನೆಲದ್ದೇ ಒಬ್ಬ ತಂಗಿ ಇದ್ದಾಳೆ, ಪೀತಭೃಂಗರಾಜ ಎಂದು ಆಯುರ್ವೇದದವರು ಕರೆಯುವ ಹಳದಿ ಹೂವಿನ ತೇವದ ಗಿಡ. ದಕ್ಷಿಣ ಚೀನಾದಲ್ಲಿ ಈ ಎರಡೂ ಬೆರೆತು ಮಿಶ್ರತಳಿಯೇ ಹುಟ್ಟಿದೆ. ಹೊರಗಿನ ಗಿಡ ಒಳಗಿನದನ್ನು ಒತ್ತರಿಸುವುದು ಒಂದು ಬಗೆ, ಅದರ ವಂಶದೊಳಗೇ ಸೇರಿ ಕರಗಿಸುವುದು ಇನ್ನೊಂದು ಬಗೆ.

ಕಾಳಿಯ ದಂಡೆಗೆ ತಾಗಿಕೊಂಡ ಅಂಗಳವಿರುವವರು ಮಳೆಗಾಲಕ್ಕೆ ಮುಂಚೆ ವೆಡೀಲಿಯಾ ಕತ್ತರಿಸಿ ಹಳ್ಳದ ಬದಿಗೆ ರಾಶಿ ಹಾಕುವುದನ್ನು ಮೊದಲು ನಿಲ್ಲಿಸಬೇಕು. ನೀರಿಗೆ ಬಿದ್ದ ಒಂದೊಂದು ಗೆಣ್ಣೂ ಕೆಳಗಿನ ಯಾವುದೋ ದಂಡೆಯಲ್ಲಿ ಬೇರು ಬಿಡುತ್ತದೆ. ಕತ್ತರಿಸಿದ್ದನ್ನು ಬಿಸಿಲಿಗೆ ಹರಡಿ ಪೂರ್ತಿ ಒಣಗಿಸಿದರೆ ಸಾಕು, ಅದು ಮತ್ತೆ ಏಳುವುದಿಲ್ಲ.